ಓಡಿಸುವ ಬಟನ್ ಬಿಡಿ: ಫೋನಿನಲ್ಲಿ ಫುಟ್‌ಬಾಲ್ ಚೆನ್ನಾಗಿ ಆಡಲು ಒಂದು ತಿಂಗಳ ಅಭ್ಯಾಸ

ತೀರ್ಥಹಳ್ಳಿ ಕಡೆಯ ಜುಲೈ ತಿಂಗಳು ನಿಮಗೆ ಗೊತ್ತಿರಬಹುದು. ಬೆಳಿಗ್ಗೆ ಹಿಡಿದ ಮಳೆ ರಾತ್ರಿಯಾದರೂ ಬಿಡುವುದಿಲ್ಲ. ಶಾಲೆಗೆ ರಜೆ ಕೊಟ್ಟಿದ್ದ ಅಂಥ ಒಂದು ದಿನ, ನಾನು ಮತ್ತು ಚಿಕ್ಕಪ್ಪನ ಮಗ ಜಗಲಿಯಲ್ಲಿ ಕೂತು ಫೋನಿನಲ್ಲಿ ಇ-ಫುಟ್‌ಬಾಲ್ ಆಡಿದೆವು. ಅವನು ಎಂಟನೇ ಕ್ಲಾಸಿನ ಹುಡುಗ. ನನ್ನ ಟೀಮಿನಲ್ಲಿ ದೊಡ್ಡ ಹೆಸರಿನ ಆಟಗಾರರೇ ತುಂಬಿದ್ದರು. ಅವನದು ಸಾಧಾರಣ ಟೀಮು. ಮೂರು ಮ್ಯಾಚ್ ಆಡಿದೆವು, ಮೂರರಲ್ಲೂ ಅವನೇ ಗೆದ್ದ. ಕೊನೆಗೆ ಅವನು ಹೇಳಿದ್ದು ಇಷ್ಟೇ: “ಅಣ್ಣ, ನೀನು ಎಂತಕ್ಕೆ ಯಾವಾಗಲೂ ಓಡಿಸ್ತೀಯ? ಆ ಬಟನ್ ಬಿಡು ಮಾರಾಯ, ಒಂದು ಸಲ ನೋಡು.”

ಆಮೇಲೆ ಅವನು ಬೇರೆ ಯಾರ ಜೊತೆಗೋ ಆನ್‌ಲೈನ್ ಆಡುವಾಗ ನಾನು ಪಕ್ಕದಲ್ಲಿ ಕೂತು ನೋಡಿದೆ. ನೋಡಿದ್ದು ಆಟವನ್ನಲ್ಲ, ಅವನ ಬಲಗೈ ಹೆಬ್ಬೆರಳನ್ನು. ಅದು ಡ್ಯಾಶ್ ಬಟನ್ (ಆಟಗಾರನನ್ನು ಜೋರಾಗಿ ಓಡಿಸುವ ಬಟನ್) ಮೇಲೆ ಕೂರುತ್ತಲೇ ಇರಲಿಲ್ಲ. ಗಾಜಿನಿಂದ ಒಂದು ಅಕ್ಕಿಕಾಳಿನಷ್ಟು ಮೇಲೆ ಸುಮ್ನೆ ನಿಂತಿರುತ್ತಿತ್ತು. ಬಾಲ್ ಕಾಲಿಗೆ ಬರುವ ಹೊತ್ತಿಗೆ ಪಾಸ್ ಬಟನ್ ಮುಟ್ಟುತ್ತಿತ್ತು, ಮತ್ತೆ ಮೇಲೆ. ಮುಂದೆ ಖಾಲಿ ಜಾಗ ಕಂಡರೆ ಮಾತ್ರ ಡ್ಯಾಶ್, ಅದೂ ಎರಡು ಮೂರು ಸೆಕೆಂಡು. ನನ್ನ ಹೆಬ್ಬೆರಳು ಮಾತ್ರ ಮ್ಯಾಚ್ ಶುರುವಾದಾಗ ಆ ಬಟನ್ ಮೇಲೆ ಕೂತರೆ ವಿಸಿಲ್ ಊದುವವರೆಗೂ ಏಳುತ್ತಿರಲಿಲ್ಲ.

ಈ ಲೇಖನದಲ್ಲಿ ಹೇಳುವುದೆಲ್ಲ ಆ ಒಂದು ಬೆರಳಿನ ಸುತ್ತಲೇ ಇದೆ. ನಾನು ಹೀಗೆ ಅಭ್ಯಾಸ ಮಾಡಿದ ಮೇಲೆ ನನ್ನ ಆಟ ನಿಜಕ್ಕೂ ಬದಲಾಯಿತು. ನಿಮ್ಮದೂ ಬದಲಾಗುತ್ತದೆ ಅನ್ನುವ ನಂಬಿಕೆಯಿಂದಲೇ ಬರೆಯುತ್ತಿದ್ದೇನೆ.

ಯಾವ ಗೇಮ್ ಆಡಿದರೂ ಇದು ನಡೆಯುತ್ತದೆ. ಕೊನಾಮಿ ಕಂಪನಿಯ ಪಿಇಎಸ್ ಎಂಬ ಫುಟ್‌ಬಾಲ್ ಗೇಮ್ 2021ರಲ್ಲಿ ಇ-ಫುಟ್‌ಬಾಲ್ ಎಂದು ಹೆಸರು ಬದಲಿಸಿಕೊಂಡು ಉಚಿತವಾಯಿತು. ನಮ್ಮ ಕಡೆಯ ಹುಡುಗರ ಫೋನಿನಲ್ಲಿ ಜಾಸ್ತಿ ಕಾಣುವುದು ಅದೇ. ಫಿಫಾ ಗೇಮ್ 2023ರಿಂದ ಇಎ ಸ್ಪೋರ್ಟ್ಸ್ ಎಫ್‌ಸಿ ಎಂಬ ಹೆಸರಲ್ಲಿ ಬರುತ್ತಿದೆ. ಶಿವಮೊಗ್ಗದಲ್ಲಿ ಗೆಳೆಯರ ಮನೆಯ ಪ್ಲೇಸ್ಟೇಷನ್‌ನಲ್ಲಿ ನಾನು ಆಡುವುದು ಅದನ್ನು. ಬಟನ್‌ಗಳ ಹೆಸರು ಬೇರೆ, ಕೈ ಕಲಿಯಬೇಕಾದ ಪಾಠ ಒಂದೇ. ನಾನು ಮುಖ್ಯವಾಗಿ ಫೋನಿನ ಆಟವನ್ನು ಇಟ್ಟುಕೊಂಡು ಹೇಳುತ್ತೇನೆ. ಬೇಕಾದ ಕಡೆ ಪ್ಲೇಸ್ಟೇಷನ್ ಬಟನ್‌ಗಳನ್ನೂ ಹೇಳುತ್ತೇನೆ.

ಶುರು ಮಾಡುವ ಮೊದಲು

ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಮೆರಾ ಬದಲಿಸಿ. ಮೈದಾನ ಜಾಸ್ತಿ ಕಾಣುವ ಕ್ಯಾಮೆರಾ ಆರಿಸಿಕೊಳ್ಳಿ, ಝೂಮ್ ಕಡಿಮೆ ಮಾಡಿ. ಆಟಗಾರರು ಸಣ್ಣಗೆ ಕಾಣುತ್ತಾರೆ, ಎರಡು ದಿನ ಕಿರಿಕಿರಿ ಆಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಹತ್ತಿರದ ಕ್ಯಾಮೆರಾದಲ್ಲಿ ಬಾಲ್ ಇಟ್ಟುಕೊಂಡವನು ಮಾತ್ರ ಕಾಣುತ್ತಾನೆ. ಪಾಸ್ ಯಾರಿಗೆ ಕೊಡಬೇಕು ಎಂದು ನೋಡಲು ಉಳಿದವರು ಕಾಣಬೇಕಲ್ವಾ?

ಪರದೆಯ ಕೆಳಗೆ ಇರುವ ಚಿಕ್ಕ ರಾಡಾರ್ (ಎಲ್ಲ ಆಟಗಾರರ ಜಾಗ ತೋರಿಸುವ ಮೈದಾನದ ನಕ್ಷೆ) ಆಫ್ ಆಗಿದ್ದರೆ ಆನ್ ಮಾಡಿ. ಫೋನಿನಲ್ಲಿ ಸ್ವೈಪ್ ಮಾಡಿ ಆಡುವ ವಿಧಾನವೂ ಇದೆ, ಬಟನ್‌ಗಳ ವಿಧಾನವೂ ಇದೆ. ಗಂಭೀರವಾಗಿ ಕಲಿಯುವ ಮನಸ್ಸಿದ್ದರೆ ಬಟನ್‌ಗಳದ್ದೇ ಆರಿಸಿ. ಫೋನಿಗೆ ದಪ್ಪ ಕವರ್ ಇದ್ದರೆ ಆಡುವಾಗ ತೆಗೆದಿಡಿ, ಬಿಸಿಯಾದ ಫೋನ್ ನಿಧಾನವಾಗುತ್ತದೆ. ಮಳೆಗಾಲದಲ್ಲಿ ಬೆರಳು ತೇವ ಇರುತ್ತದೆ, ಹತ್ತಿರ ಒಂದು ಒಣ ಬಟ್ಟೆ ಇಟ್ಟುಕೊಳ್ಳಿ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಒದ್ದೆ ಗಾಜಿನ ಮೇಲೆ ಒತ್ತಿದ್ದು ಒಂದಾದರೆ ಆಗುವುದು ಇನ್ನೊಂದು.

ಟೀಮಿನ ರಚನೆ ಬಗ್ಗೆ ಈಗ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 4-3-3 ಅಥವಾ 4-4-2 (ಡಿಫೆನ್ಸ್, ಮಧ್ಯ, ಮುಂದೆ ಎಷ್ಟೆಷ್ಟು ಜನ ಎನ್ನುವ ಲೆಕ್ಕ) ಯಾವುದಾದರೂ ಒಂದು ಇಟ್ಟುಕೊಳ್ಳಿ, ಒಂದು ತಿಂಗಳು ಬದಲಿಸಬೇಡಿ. ಇ-ಫುಟ್‌ಬಾಲ್‌ನಲ್ಲಿ ನಿಮ್ಮ ಮ್ಯಾನೇಜರ್‌ಗೆ ಯಾವ ಶೈಲಿಯಲ್ಲಿ ಹೆಚ್ಚು ಅಂಕ ಇದೆಯೋ ಆ ಶೈಲಿಯನ್ನೇ ಆರಿಸಿ, ಸಾಕು.

ಮೊದಲ ವಾರ: ಡ್ಯಾಶ್ ಇಲ್ಲದೆ ಆಡುವುದು

ಈ ವಾರ ಕಂಪ್ಯೂಟರ್ ಆಡಿಸುವ ಟೀಮಿನ ಎದುರು ಮಾತ್ರ ಆಡಿ. ಕಷ್ಟದ ಮಟ್ಟ ಕಡಿಮೆ ಇರಲಿ. ನಿಯಮ ಒಂದೇ: ಡ್ಯಾಶ್ ಬಟನ್ ಮುಟ್ಟಬಾರದು. ಪ್ಲೇಸ್ಟೇಷನ್‌ನಲ್ಲಾದರೆ ಆರ್2 ಮುಟ್ಟಬಾರದು. ಗೋಲು ಹೊಡೆಯದಿದ್ದರೂ ಪರವಾಗಿಲ್ಲ, ಸೋತರೂ ಪರವಾಗಿಲ್ಲ.

ಮೊದಲ ಎರಡು ಮ್ಯಾಚ್‌ನಲ್ಲಿ ಕೈ ತುರಿಸುತ್ತದೆ. ಮೂರನೆಯದರಲ್ಲಿ ಒಂದು ವಿಷಯ ಗಮನಕ್ಕೆ ಬರುತ್ತದೆ. ಡ್ಯಾಶ್ ಒತ್ತಿಕೊಂಡೇ ಬಾಲ್ ಹಿಡಿದರೆ ಆಟಗಾರ ಮೊದಲ ಸ್ಪರ್ಶದಲ್ಲೇ ಅದನ್ನು ದೂರ ತಳ್ಳಿಬಿಡುತ್ತಾನೆ. ಎದುರಾಳಿ ಅಲ್ಲಿಯೇ ಕಸಿಯುತ್ತಾನೆ. ಡ್ಯಾಶ್ ಬಿಟ್ಟು ಹಿಡಿದರೆ ಬಾಲ್ ಕಾಲಿನ ಪಕ್ಕದಲ್ಲೇ ನಿಲ್ಲುತ್ತದೆ. ಇನ್ನೊಂದು, ಓಡುವಾಗ ತಿರುಗಲು ದೊಡ್ಡ ಸುತ್ತು ಬೇಕು. ನಡೆಯುವಾಗ ಒಂದೇ ಹೆಜ್ಜೆಯಲ್ಲಿ ತಿರುಗುತ್ತಾನೆ. “ನನ್ನ ಪ್ಲೇಯರ್ ಮಾತು ಕೇಳ್ತಾ ಇಲ್ಲ” ಅಂತ ನಾವು ಗೊಣಗುತ್ತೇವಲ್ಲ, ಅದರಲ್ಲಿ ಮುಕ್ಕಾಲು ಪಾಲು ಡ್ಯಾಶ್ ಬಟನ್ ತಂದಿಟ್ಟ ತೊಂದರೆ.

ನಮ್ಮ ಮನೆಯಲ್ಲಿ ಅಡಿಕೆ ಸುಲಿಯಲು ಹೊಸಬರು ಬಂದಾಗ ಅಜ್ಜಿ ಹೇಳುತ್ತಿದ್ದ ಮಾತು ನೆನಪಾಗುತ್ತದೆ. ಮೆಟ್ಟುಗತ್ತಿ ಮುಂದೆ ಕೂತ ಮೊದಲ ದಿನ ಎಷ್ಟು ಡಬ್ಬ ತುಂಬಿತು ಎಂದು ನೋಡಬಾರದು, ಎಷ್ಟು ಅಡಿಕೆ ಗಾಯವಾಗದೆ ಹೊರಗೆ ಬಂತು ಎಂದು ನೋಡಬೇಕು. ಕೈಗೆ ಹದ ಸಿಕ್ಕಿದ ಮೇಲೆ ವೇಗ ತಾನಾಗಿಯೇ ಬರುತ್ತದೆ. ಈ ವಾರ ನೀವೂ ಗೋಲು ಎಣಿಸಬೇಡಿ. ಬಾಲ್ ಕಳೆದುಕೊಳ್ಳದೆ ಸಾಲಾಗಿ ಎಷ್ಟು ಪಾಸ್ ಆಯಿತು ಎಂದು ಎಣಿಸಿ. ಐದರಿಂದ ಶುರು ಮಾಡಿ, ಹತ್ತಕ್ಕೆ ತನ್ನಿ. ಹದಿನೈದು ಪಾಸ್ ಸಲೀಸಾಗಿ ಆದ ದಿನ ಕಷ್ಟದ ಮಟ್ಟ ಒಂದು ಮೆಟ್ಟಿಲು ಏರಿಸಿ.

ಹೀಗೆ ಆಡುತ್ತಾ ರಾಡಾರ್ ನೋಡುವುದನ್ನೂ ಕಲಿಯಿರಿ. ಬಾಲ್ ಬಂದ ಮೇಲೆ ನೋಡುವುದಲ್ಲ. ಪಾಸ್ ಹೊರಟು ನಿಮ್ಮ ಆಟಗಾರನನ್ನು ಮುಟ್ಟುವ ಮೊದಲೇ ಒಂದು ಸಲ ಕಣ್ಣು ಕೆಳಗೆ ಹಾಯಿಸಿ ಬರಬೇಕು. ಆ ಅರ್ಧ ಸೆಕೆಂಡಿನಲ್ಲಿ ಮುಂದಿನ ಪಾಸ್ ಎಲ್ಲಿಗೆ ಎಂದು ಗೊತ್ತಾಗಿಬಿಡುತ್ತದೆ.

ಎರಡನೇ ವಾರ: ಬಾಲ್ ಕಸಿಯುವುದಲ್ಲ, ದಾರಿ ಮುಚ್ಚುವುದು

ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿಯೇ. ಹೊಸಬರು ಸೋಲುವುದು ಗೋಲು ಹೊಡೆಯಲು ಬಾರದೆ ಅಲ್ಲ, ಡಿಫೆನ್ಸ್ ಬಾರದೆ.

ಸಾಮಾನ್ಯವಾಗಿ ಆಗುವುದು ಹೀಗೆ. ಎದುರಾಳಿಯ ವಿಂಗರ್ (ಬದಿಯಲ್ಲಿ ಆಡುವ ಮುಂದಿನ ಆಟಗಾರ) ಬಲಬದಿಯಲ್ಲಿ ಬಾಲ್ ಹಿಡಿದು ಬರುತ್ತಿದ್ದಾನೆ. ನಿಮಗೆ ಗಾಬರಿ. ಹತ್ತಿರ ಇರುವ ಸೆಂಟರ್ ಬ್ಯಾಕ್ (ಗೋಲಿನ ಮುಂದೆ ಮಧ್ಯದಲ್ಲಿ ನಿಲ್ಲುವ ಡಿಫೆಂಡರ್) ಅನ್ನು ನಿಮ್ಮ ಕೈಗೆ ತೆಗೆದುಕೊಂಡು, ಪ್ರೆಶರ್ (ಎದುರಾಳಿಯ ಮೇಲೆ ಬೀಳಿಸುವ ಬಟನ್) ಮತ್ತು ಡ್ಯಾಶ್ ಎರಡನ್ನೂ ಒತ್ತಿ ಅವನ ಮೇಲೆ ನುಗ್ಗಿಸುತ್ತೀರಿ. ನಿಮ್ಮ ಆಟಗಾರ ಬಾಣದ ಹಾಗೆ ಹೋಗುತ್ತಾನೆ. ವಿಂಗರ್ ಒಂದು ಹೆಜ್ಜೆ ಪಕ್ಕಕ್ಕೆ ಇಡುತ್ತಾನೆ, ಅಷ್ಟೇ. ನಿಮ್ಮವನು ಅವನನ್ನು ದಾಟಿ ಮುಂದೆ ಹೋಗಿಯಾಯಿತು. ಅವನು ಬಿಟ್ಟು ಬಂದ ಜಾಗ ಬಾಕ್ಸ್‌ನ (ಗೋಲಿನ ಮುಂದೆ ಗೆರೆ ಎಳೆದ ಪೆನಾಲ್ಟಿ ಜಾಗದ) ಮಧ್ಯದಲ್ಲಿ ಬಾಗಿಲು ತೆಗೆದಿಟ್ಟ ಹಾಗೆ ಖಾಲಿ. ಅಲ್ಲಿಗೆ ಒಂದು ಪಾಸ್, ಗೋಲು.

ಇದನ್ನು ನಿಲ್ಲಿಸಲು ಮೂರು ಅಭ್ಯಾಸ ಬೇಕು.

ಸೆಂಟರ್ ಬ್ಯಾಕ್‌ಗಳನ್ನು ಮುಟ್ಟಬೇಡಿ. ಅವರಿಬ್ಬರನ್ನು ಗೇಮ್ ನೋಡಿಕೊಳ್ಳಲಿ, ಅವರು ತಮ್ಮ ಜಾಗ ಬಿಡುವುದು ಕಡಿಮೆ. ನೀವು ಮಿಡ್‌ಫೀಲ್ಡರ್ ಒಬ್ಬನನ್ನು ಹಿಡಿದು ಹಿಂದಕ್ಕೆ ಬನ್ನಿ. ಡಿಫೆಂಡರ್‌ಗಳ ಮುಂದೆ ಒಂದು ಬೇಲಿಯ ಹಾಗೆ ಅವನನ್ನು ನಿಲ್ಲಿಸಿ.

ಎರಡನೆಯದು, ಎದುರಾಳಿಯಿಂದ ಎರಡು ಹೆಜ್ಜೆ ದೂರದಲ್ಲೇ ನಿಲ್ಲಿ. ಇ-ಫುಟ್‌ಬಾಲ್‌ನಲ್ಲಿ ಇದಕ್ಕೆ ಮ್ಯಾಚ್-ಅಪ್ ಬಟನ್ ಇದೆ. ಪ್ಲೇಸ್ಟೇಷನ್‌ನ ಎಫ್‌ಸಿಯಲ್ಲಿ ಎಲ್2 ಒತ್ತಿ ಹಿಡಿಯಬೇಕು. ನಿಮ್ಮವನು ಮುಖ ತಿರುಗಿಸದೆ, ಎದುರಾಳಿಯನ್ನೇ ನೋಡುತ್ತಾ ಅಡ್ಡಡ್ಡ ಸರಿಯುತ್ತಾನೆ. ನಿಮ್ಮ ಕೆಲಸ ಬಾಲ್ ಕಸಿಯುವುದಲ್ಲ. ಬಾಲ್‌ಗೂ ನಿಮ್ಮ ಗೋಲಿಗೂ ನಡುವೆ ಇರುವುದು. ಅವನು ಹೊರಗಡೆಗೆ, ಸೈಡ್ ಲೈನ್ ಕಡೆಗೆ ಹೋಗಲಿ, ಬಿಡಿ. ಅಲ್ಲಿಂದ ಗೋಲು ಕಾಣುವುದು ಕಷ್ಟ. ಒಳಗಡೆ ದಾರಿ ಮಾತ್ರ ಕೊಡಬೇಡಿ.

ಮೂರನೆಯದು, ಪ್ರೆಶರ್ ಯಾವಾಗ ಒತ್ತಬೇಕು ಎನ್ನುವುದು. ಎದುರಾಳಿ ಬಾಲ್ ಹಿಡಿಯುವ ಕ್ಷಣದಲ್ಲಿ, ಅಥವಾ ಡ್ಯಾಶ್ ಮಾಡಿ ಬಾಲ್ ಅನ್ನು ಕಾಲಿನಿಂದ ದೂರ ತಳ್ಳಿದ ಕ್ಷಣದಲ್ಲಿ. ಆ ಎರಡೇ ಸಂದರ್ಭ. ಮೊದಲ ವಾರದ ಅಭ್ಯಾಸ ಈಗ ಕೈಗೆ ಬರುತ್ತದೆ ನೋಡಿ. ಬಾಲ್ ಯಾವಾಗ ಕಾಲಿನಿಂದ ದೂರ ಹೋಗುತ್ತದೆ ಎಂದು ನಿಮ್ಮ ಆಟದಲ್ಲೇ ಕಂಡುಕೊಂಡಿದ್ದೀರಿ. ಅದನ್ನು ಈಗ ಎದುರಾಳಿಯಲ್ಲಿ ಕಾಯುತ್ತೀರಿ.

ಕಾದರೆ ಎದುರಾಳಿಯೇ ತಪ್ಪು ಮಾಡುತ್ತಾನೆ. ಇದು ನನಗೆ ನಂಬಲು ಕಷ್ಟವಾದ ಮಾತು, ಆದರೆ ಮ್ಯಾಚ್ ಮೇಲೆ ಮ್ಯಾಚ್ ಇದೇ ಆಯಿತು. ಎರಡು ಮೂರು ಸೆಕೆಂಡು ಮುಂದೆ ದಾರಿ ಸಿಗದಿದ್ದರೆ ಬಹಳ ಜನ ಸುಮ್ನೆ ಓಡಿಬಂದು ಡಿಕ್ಕಿ ಹೊಡೆಯುತ್ತಾರೆ, ಇಲ್ಲವೇ ಆಗದ ಪಾಸ್ ಕೊಡುತ್ತಾರೆ.

ಈ ವಾರ ಗೆಳೆಯರ ಜೊತೆ ಫ್ರೆಂಡ್ ಮ್ಯಾಚ್ ಆಡಿ. ಒಂದು ಒಪ್ಪಂದ ಮಾಡಿಕೊಳ್ಳಿ: ಗೋಲು ಎಣಿಸುವುದು ಬೇಡ, ನಿಮ್ಮ ಬಾಕ್ಸ್ ಒಳಗೆ ಅವನಿಗೆ ಎಷ್ಟು ಸಲ ಬಾಲ್ ಸಿಕ್ಕಿತು ಎಂದು ಮಾತ್ರ ಎಣಿಸಿ. ಅದು ಕಡಿಮೆ ಆಗುತ್ತಾ ಬಂದರೆ ನೀವು ಸರಿ ದಾರಿಯಲ್ಲಿದ್ದೀರಿ.

ಮೂರನೇ ವಾರ: ಮುಂದಕ್ಕೆ ಹೋಗುವುದು

2010ರ ವಿಶ್ವಕಪ್‌ನಲ್ಲಿ ಸ್ಪೇನ್ ಏಳು ಮ್ಯಾಚ್ ಆಡಿ ಹೊಡೆದದ್ದು ಬರೀ 8 ಗೋಲು. ಕೊನೆಯ ನಾಲ್ಕು ಮ್ಯಾಚ್‌ಗಳನ್ನೂ, ಫೈನಲ್ ಸೇರಿ, 1-0 ಅಂತರದಲ್ಲೇ ಗೆದ್ದಿತು. ಆ ಟೀಮಿನ ಮಧ್ಯದಲ್ಲಿ ಆಡುತ್ತಿದ್ದ ಸೆರ್ಗಿಯೊ ಬುಸ್ಕೆಟ್ಸ್ ವೇಗದ ಓಟಗಾರನೇ ಆಗಿರಲಿಲ್ಲ. ಬಾಲ್ ಬರುವ ಮೊದಲೇ ಸುತ್ತ ನೋಡಿಕೊಂಡು, ಬಂದ ಕೂಡಲೇ ಇನ್ನೊಬ್ಬನಿಗೆ ದಾಟಿಸುವುದು ಅವನ ಆಟವಾಗಿತ್ತು. ಆ ಮ್ಯಾಚ್‌ಗಳ ತುಣುಕು ಸಿಕ್ಕರೆ ನೋಡಿ, ಆದರೆ ಬಾಲ್ ನೋಡಬೇಡಿ. ಬಾಲ್ ಇಲ್ಲದವರು ಎಲ್ಲಿ ನಿಂತಿದ್ದಾರೆ ಎಂದು ನೋಡಿ. ಬೆಂಗಳೂರು ಎಫ್‌ಸಿ ಮ್ಯಾಚ್ ಟಿವಿಯಲ್ಲಿ ಬಂದಾಗಲೂ ಹಾಗೆಯೇ ನೋಡಿ.

ಗೇಮಿನಲ್ಲಿ ಇದನ್ನು ಮಾಡುವ ಬಗೆ: ಬಾಲ್ ಹಿಡಿದವನು, ಅವನ ಪಕ್ಕದವನು, ಸ್ವಲ್ಪ ಹಿಂದಿನವನು, ಈ ಮೂವರ ತ್ರಿಕೋನ ಯಾವಾಗಲೂ ಹುಡುಕಿ. ಮುಂದೆ ದಾರಿ ಇಲ್ಲದಿದ್ದರೆ ಹಿಂದಕ್ಕೆ ಪಾಸ್ ಕೊಡಿ, ನಾಚಿಕೆಪಡಬೇಡಿ. ಹಿಂದಕ್ಕೆ ಕೊಟ್ಟಾಗ ಎದುರಾಳಿಯ ಒಬ್ಬ ಆಟಗಾರ ಬಾಲ್ ಬೆನ್ನಟ್ಟಿ ತನ್ನ ಜಾಗ ಬಿಟ್ಟು ಬರುತ್ತಾನೆ. ಅವನು ಬಿಟ್ಟ ಜಾಗಕ್ಕೆ ಮುಂದಿನ ಪಾಸ್.

ಥ್ರೂ ಬಾಲ್ (ಡಿಫೆಂಡರ್‌ಗಳ ಹಿಂದಿನ ಖಾಲಿ ಜಾಗಕ್ಕೆ ಕೊಡುವ ಪಾಸ್) ಬಗ್ಗೆ ಒಂದು ಮಾತು. ಆಫ್‌ಸೈಡ್ (ಎದುರಾಳಿಯ ಕೊನೆಯ ಡಿಫೆಂಡರ್‌ಗಿಂತ ಮುಂದೆ ನಿಂತವನಿಗೆ ಪಾಸ್ ಕೊಡುವ ತಪ್ಪು) ಲೆಕ್ಕ ಹಾಕುವುದು ಬಾಲ್ ತಲುಪುವಾಗ ಅಲ್ಲ, ಪಾಸ್ ಕೊಡುವ ಕ್ಷಣದಲ್ಲಿ. ನಿಮ್ಮ ಸ್ಟ್ರೈಕರ್ ಕೊನೆಯ ಡಿಫೆಂಡರ್ ಪಕ್ಕದಲ್ಲಿ ಇನ್ನೂ ಹೆಜ್ಜೆ ಎತ್ತುತ್ತಿದ್ದಾನೆ ಅನ್ನುವಾಗಲೇ ಪಾಸ್ ಹೊರಡಬೇಕು. ಅವನು ಓಡಿ ಮುಂದೆ ಹೋದದ್ದನ್ನು ನೋಡಿ ಒತ್ತಿದರೆ ತಡವಾಯಿತು, ಬಾವುಟ ಏಳುತ್ತದೆ. ಎಫ್‌ಸಿಯಲ್ಲಿ ಎಲ್1 ಒಂದು ಸಲ ಒತ್ತಿದರೆ ಹತ್ತಿರದ ಆಟಗಾರ ಮುಂದಕ್ಕೆ ಓಡಲು ಶುರು ಮಾಡುತ್ತಾನೆ. ಒತ್ತಿ, ಒಂದು ಉಸಿರಿನಷ್ಟು ಕಾದು, ಥ್ರೂ ಬಾಲ್ ಕೊಡುವ ತ್ರಿಕೋನದ ಬಟನ್ ಒತ್ತಿ.

ಡ್ಯಾಶ್ ಮತ್ತೆ ಶುರು ಮಾಡುವುದೂ ಈ ವಾರವೇ. ಎರಡು ಕಡೆ ಮಾತ್ರ: ಮುಂದೆ ಹತ್ತು ಹದಿನೈದು ಹೆಜ್ಜೆ ಯಾರೂ ಇಲ್ಲದಾಗ, ಮತ್ತು ಥ್ರೂ ಬಾಲ್ ಹಿಂದೆ ಓಡುವಾಗ. ಎರಡು ವಾರ ನಿಧಾನ ಆಡಿದ್ದರಿಂದ ಈಗ ಆ ಓಟ ಎದುರಾಳಿಗೆ ನಿಜವಾಗಿಯೂ ದಿಢೀರ್ ಅನ್ನಿಸುತ್ತದೆ. ಸದಾ ಓಡುವವನ ಓಟಕ್ಕೆ ಯಾರೂ ಬೆಚ್ಚುವುದಿಲ್ಲ. ಇನ್ನೊಂದು ಲಾಭ ದ್ವಿತೀಯಾರ್ಧದಲ್ಲಿ ಕಾಣುತ್ತದೆ. ಮೊದಲಿನಿಂದ ಓಡಿಸಿದವರ ಟೀಮು ಎಪ್ಪತ್ತನೇ ನಿಮಿಷಕ್ಕೆ ಸುಸ್ತು. ನಿಮ್ಮ ಆಟಗಾರರ ದಮ್ಮು ಇನ್ನೂ ಉಳಿದಿರುತ್ತದೆ.

ಗೋಲು ಹೊಡೆಯುವುದು

ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಎದುರಿಗೆ ನಿಂತರೆ ಅಷ್ಟೂ ಕಾಣುತ್ತದೆ. ಬದಿಗೆ ಸರಿದಷ್ಟೂ ಅದು ಕಿರಿದಾಗುತ್ತದೆ. ಆದ್ದರಿಂದ ಬದಿಯಿಂದ ಕಣ್ಣುಮುಚ್ಚಿ ಹೊಡೆಯಬೇಡಿ.

ಬದಿಯಲ್ಲಿ ಗೋಲ್ ಲೈನ್ ಹತ್ತಿರ ಬಂದರೆ ಬಾಲ್ ಅನ್ನು ಹಿಂದಕ್ಕೆ, ಪೆನಾಲ್ಟಿ ಸ್ಪಾಟ್ ಕಡೆಗೆ, ನೆಲದ ಮೇಲೆ ಪಾಸ್ ಕೊಡಿ. ಡಿಫೆಂಡರ್‌ಗಳು ಗೋಲಿನ ಕಡೆ ಓಡುತ್ತಿರುತ್ತಾರೆ, ಅವರ ಬೆನ್ನ ಹಿಂದೆ ನಿಮ್ಮವನು ಒಬ್ಬನೇ ನಿಂತಿರುತ್ತಾನೆ. ಈ ಒಂದು ಪಾಸ್ ಕಲಿತದ್ದು ನನಗೆ ಉಳಿದೆಲ್ಲ ಟ್ರಿಕ್‌ಗಳಿಗಿಂತ ಜಾಸ್ತಿ ಗೋಲು ಕೊಟ್ಟಿದೆ.

ಹೊಡೆಯುವ ಮೊದಲು ಡ್ಯಾಶ್ ಬಿಡಿ. ಓಡುತ್ತಲೇ ಹೊಡೆದರೆ ಗುರಿ ತಪ್ಪುವುದು ಜಾಸ್ತಿ. ಬಾಕ್ಸ್ ಒಳಗೆ ಪವರ್ ಗೇಜ್ ಅರ್ಧಕ್ಕಿಂತ ಕಡಿಮೆ ಸಾಕು. ಕೀಪರ್ ಹತ್ತಿರದ ಕಂಬ ಕಾಯುತ್ತಿದ್ದರೆ ದೂರದ ಕಂಬಕ್ಕೆ, ನೆಲಮಟ್ಟದಲ್ಲಿ. ಎಫ್‌ಸಿಯಲ್ಲಿ ಆರ್1 ಹಿಡಿದು ವೃತ್ತದ ಬಟನ್ ಒತ್ತಿದರೆ ಬಾಲ್ ಬಾಗಿ ಹೋಗುತ್ತದೆ. ಬಾಕ್ಸ್‌ನ ಮೂಲೆಯಿಂದ ಒಳಗೆ ತಿರುಗಿ ಹೊಡೆಯುವಾಗ ಅದು ಚೆನ್ನ. ಸ್ಕಿಲ್ ಮೂವ್‌ಗಳು (ಎದುರಾಳಿಯನ್ನು ಏಮಾರಿಸುವ ಕಾಲಿನ ಕಸರತ್ತುಗಳು) ಈಗ ಬೇಡ. ಒಂದೋ ಎರಡೋ ಕಲಿಯಬೇಕು ಅನ್ನಿಸಿದರೆ ಎರಡನೇ ತಿಂಗಳಲ್ಲಿ ಕಲಿಯಿರಿ.

ಮಳೆ, ಕರೆಂಟು, ನೆಟ್‌ವರ್ಕ್

ಮಲೆನಾಡಿನಲ್ಲಿ ಆಡುವವರಿಗೆ ಇದು ಬೇರೆಯದೇ ಪಾಠ. ಸಿಗ್ನಲ್ ಹೋಗಿ ಬರುವಾಗ ನೀವು ಒತ್ತಿದ್ದು ಪರದೆಯ ಮೇಲೆ ತಡವಾಗಿ ಆಗುತ್ತದೆ. ಸೆಕೆಂಡಿಗೆ 60 ಚಿತ್ರ ಓಡುವ ಗೇಮಿನಲ್ಲಿ 100 ಮಿಲಿಸೆಕೆಂಡ್ ತಡ ಎಂದರೆ ಆರು ಚಿತ್ರದಷ್ಟು ಹಿಂದೆ ಬಿದ್ದ ಹಾಗೆ. ಟ್ಯಾಕಲ್ ಮಾಡಲು ಆ ಆರು ಚಿತ್ರವೇ ಮುಖ್ಯ.

ರೂಟರ್ ಇರುವ ಕೋಣೆಯಲ್ಲೇ ಕೂತು ಆಡಿ. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ ವೈಫೈಯನ್ನು ಚೆನ್ನಾಗಿಯೇ ತಡೆಯುತ್ತದೆ. ಹೆಂಚಿನ ಕೆಳಗಿನ ಅಟ್ಟಕ್ಕಿಂತ ಜಗಲಿಯೇ ನಮ್ಮ ಮನೆಯಲ್ಲಿ ಚೆನ್ನಾಗಿತ್ತು. ನಿಮ್ಮ ಮನೆಯಲ್ಲಿ ಎಲ್ಲಿ ಎಂದು ಒಂದು ದಿನ ತಿರುಗಾಡಿ ನೋಡಿಕೊಳ್ಳಿ. ರೂಟರ್‌ಗೆ ಚಿಕ್ಕ ಯುಪಿಎಸ್ ಹಾಕಿಸಿದರೆ ಕರೆಂಟ್ ಹೋದಾಗ ಮ್ಯಾಚ್ ಅರ್ಧಕ್ಕೆ ನಿಲ್ಲುವುದಿಲ್ಲ. ಆನ್‌ಲೈನ್ ಆಡುವಾಗ ಮನೆಯ ಉಳಿದ ಫೋನ್‌ಗಳಲ್ಲಿ ದೊಡ್ಡ ಡೌನ್‌ಲೋಡ್ ನಡೆಯುತ್ತಿಲ್ಲ ಎಂದು ನೋಡಿಕೊಳ್ಳಿ. ಗುಡುಗು ಸಿಡಿಲು ಶುರುವಾದರೆ ಮಾತ್ರ ಪ್ಲಗ್ ತೆಗೆದು ಆಟ ನಿಲ್ಲಿಸಿಬಿಡಿ.

ಸಿಗ್ನಲ್ ಕೆಟ್ಟದಾಗಿದ್ದೂ ಆಡಲೇಬೇಕಾದರೆ ಆಟದ ಬಗೆ ಬದಲಿಸಿ. ಟ್ಯಾಕಲ್ ಬಿಡಿ, ದಾರಿ ಮುಚ್ಚುವುದನ್ನು ಮಾತ್ರ ಮಾಡಿ. ಡ್ರಿಬಲ್ ಬಿಡಿ, ಚಿಕ್ಕ ಪಾಸ್ ಇಟ್ಟುಕೊಳ್ಳಿ. ನಿಧಾನದ ಆಟಕ್ಕೆ ಆ ತಡ ಅಷ್ಟಾಗಿ ತಟ್ಟುವುದಿಲ್ಲ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಆಟಗಾರರ ಕಾರ್ಡ್ ಸಿಗಲೆಂದು ಕಾಯಿನ್ ಕೊಳ್ಳಬೇಡಿ, ಕನಿಷ್ಠ ಈ ಒಂದು ತಿಂಗಳು. ಯಾವ ಕಾರ್ಡ್ ಬರುತ್ತದೆ ಎನ್ನುವುದು ಅದೃಷ್ಟದ ಕೈಯಲ್ಲಿದೆ. ಬಂದರೂ ಅವನನ್ನು ಆಡಿಸುವುದು ನಿಮ್ಮದೇ ಬೆರಳು. ಮನೆಯವರ ಫೋನಿನಲ್ಲಿ ಆಡುವ ಚಿಕ್ಕವರಿದ್ದರೆ ಪೇಮೆಂಟ್‌ಗೆ ಲಾಕ್ ಹಾಕಿಡಿ.

ನಾಲ್ಕನೇ ವಾರ: ಸೋತ ಮ್ಯಾಚ್ ನೋಡುವುದು

ಈಗ ಆನ್‌ಲೈನ್ ಹೋಗಿ. ದಿನಕ್ಕೆ ಮೂರು ಮ್ಯಾಚ್, ಅದಕ್ಕಿಂತ ಜಾಸ್ತಿ ಬೇಡ. ಸತತವಾಗಿ ಎರಡು ಸೋತರೆ ಎದ್ದು ಹೋಗಿ ಒಂದು ಲೋಟ ಕಷಾಯ ಕುಡಿದು ಬನ್ನಿ. ಸಿಟ್ಟಿನಲ್ಲಿ ಆಡಿದರೆ ಹೆಬ್ಬೆರಳು ಮತ್ತೆ ಡ್ಯಾಶ್ ಮೇಲೆ ಹೋಗಿ ಕೂರುತ್ತದೆ, ನೋಡಿಕೊಳ್ಳಿ. ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾದರೆ ಆ ದಿನದ ಆಟ ಮುಗಿಯಿತು.

ಪ್ರತಿ ಮ್ಯಾಚ್ ಅನ್ನು ಸ್ಕ್ರೀನ್ ರೆಕಾರ್ಡ್ ಮಾಡಿ. ನೆಟ್‌ವರ್ಕ್ ಪೂರ್ತಿ ಹೋದ ರಾತ್ರಿಗಳಲ್ಲಿ ಕೂತು ನೋಡಿ, ಆ ರಾತ್ರಿಗಳು ನಮಗೆ ಬೇಕಾದಷ್ಟು ಸಿಗುತ್ತವೆ. ಪೂರ್ತಿ ಮ್ಯಾಚ್ ಬೇಡ. ನಿಮ್ಮ ಮೇಲೆ ಆದ ಪ್ರತಿ ಗೋಲಿನಿಂದ ಹತ್ತು ಸೆಕೆಂಡು ಹಿಂದಕ್ಕೆ ಹೋಗಿ. ಬಾಲ್ ಎಲ್ಲಿ ಕಳೆದುಕೊಂಡಿರಿ? ಆಗ ಯಾವ ಬಟನ್ ಒತ್ತಿ ಹಿಡಿದಿದ್ದಿರಿ? ಯಾರನ್ನು ಅವನ ಜಾಗದಿಂದ ಎಳೆದು ತಂದಿರಿ?

ನಾನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆದು ಬರೆದಿಡುತ್ತಿದ್ದೆ: ತಾರೀಖು, ಬಾಲ್ ಕಳೆದ ಜಾಗ, ಕಾರಣ. ಮೊದಲ ಪುಟದಲ್ಲಿ ಕಾರಣದ ಸಾಲಿನಲ್ಲಿ ಕೆಳಗಿನವರೆಗೂ “ಡ್ಯಾಶ್, ಡ್ಯಾಶ್, ಡ್ಯಾಶ್” ಎಂದೇ ಇತ್ತು. ಮೂರನೇ ಪುಟಕ್ಕೆ ಬರುವಾಗ “ಪಾಸ್ ತಡ”, “ಸೆಂಟರ್ ಬ್ಯಾಕ್ ಎಳೆದೆ”, “ಆಫ್‌ಸೈಡ್” ಎಂದು ಬೇರೆ ಬೇರೆ ಕಾರಣಗಳು ಬಂದವು. ಪ್ರತಿ ಭಾನುವಾರ ಆ ವಾರ ಜಾಸ್ತಿ ಬಂದ ಕಾರಣ ಯಾವುದು ನೋಡಿ, ಅದೊಂದನ್ನೇ ಮುಂದಿನ ವಾರದ ಅಭ್ಯಾಸ ಮಾಡಿಕೊಳ್ಳಿ.

ಕಾರ್ತಿಕದಲ್ಲಿ ಅಡಿಕೆ ಕೊನೆ ಕೊಯ್ಲಿಗೆ ಚಿಕ್ಕಪ್ಪನ ಮನೆಯವರೆಲ್ಲ ಬಂದಾಗ ನಾನು ಮತ್ತು ತಮ್ಮ ಮತ್ತೆ ಆಡಿದೆವು. ಅಂಗಳದಲ್ಲಿ ಬೇಯಿಸಿದ ಅಡಿಕೆಯ ವಾಸನೆ, ಒಳಗೆ ನಾವಿಬ್ಬರು. ಮೊದಲ ಮ್ಯಾಚ್ 0-0. ಎರಡನೆಯದರಲ್ಲಿ ಎಂಬತ್ತನೇ ನಿಮಿಷಕ್ಕೆ ಬದಿಯಿಂದ ಹಿಂದಕ್ಕೆ ಕೊಟ್ಟ ಪಾಸ್‌ನಲ್ಲಿ ನಾನು ಗೋಲು ಹೊಡೆದೆ. ಅವನು ಫೋನ್ ಕೆಳಗಿಟ್ಟು, ನನ್ನ ಬಲಗೈ ಎಳೆದು, ಹೆಬ್ಬೆರಳು ತಿರುಗಿಸಿ ನೋಡಿದ. “ಬಿಟ್ಟಿದೀಯ ಅಣ್ಣ,” ಅಂದ. “ಇನ್ನೊಂದು ಮ್ಯಾಚ್ ಹಾಕು.”